ಒಣಗದ ಸಾಲು

ನಮ್ಮ ಪ್ರೆಸ್ಸಿನಲ್ಲಿ ಹಾಳೆ ಒಣಹಾಕಲು ಎರಡು ತಂತಿ ಕಟ್ಟಿದ್ದೇವೆ. ಕಿಟಕಿಯ ಪಕ್ಕದ್ದು ಎಲ್ಲ ಹಾಳೆಗಳಿಗೂ. ಹಿಂದಿನ ಗೋಡೆಯ ಪಕ್ಕದ್ದು ಗಾಳಿಗೂ ಬಿಸಿಲಿಗೂ ಬಗ್ಗದ ಹಾಳೆಗಳಿಗೆ. ಊರಿಗೆ ಹೊಸದಾಗಿ ಬಂದವರು ಆ ಎರಡನೆಯ ತಂತಿಯ ಕೆಳಗೆ ನಿಂತು, ಅಂಗಿಗೆಲ್ಲ ಮಸಿ ಮಾಡಿಕೊಂಡು, ಇದೇನಮ್ಮ ಎಂದು ಕೇಳುತ್ತಾರೆ. ಬರೆದವರು ಕಣ್ಣಾರೆ ಕಂಡಿಲ್ಲ, ಅದಕ್ಕೆ ಒಣಗಿಲ್ಲ ಎಂದು ಹೇಳಿ ಸೀಮೆಎಣ್ಣೆ ಬಟ್ಟೆ ಕೊಡುತ್ತೇನೆ. ಅದಕ್ಕಿಂತ ಹೆಚ್ಚು ಹೇಳಲು ನನಗೂ ಗೊತ್ತಿಲ್ಲ.

ನಮ್ಮಲ್ಲಿ ಇದು ಹೊಸದೇನಲ್ಲ. ತಾನು ಕಾಣದ್ದನ್ನು ಕಂಡ ಹಾಗೆ ಬರೆದು ಅಚ್ಚು ಹಾಕಿಸಿದರೆ ಮಸಿ ಹಸಿಯಾಗಿಯೇ ಉಳಿಯುತ್ತದೆ. ಅದೇ ಸಾಲಿನ ತುದಿಗೆ ‘ಅಂತೆ’ ಎಂದು ಸೇರಿಸಿದರೆ ಒಣಗುತ್ತದೆ. ಜನ ಇದಕ್ಕೆ ಒಗ್ಗಿಹೋಗಿದ್ದಾರೆ. ಯಾವ ಕಾಗದ ಕೈಗೆ ಬಂದರೂ ಮೊದಲು ಹೆಬ್ಬೆರಳು ಒತ್ತುತ್ತಾರೆ, ಆಮೇಲೆ ಓದುತ್ತಾರೆ. ಚುನಾವಣೆಯ ಕರಪತ್ರವನ್ನು ಮೂಲೆ ಹಿಡಿದು ಈಸಿಕೊಳ್ಳುತ್ತಾರೆ. ತಿಥಿಯ ಕಾರ್ಡಿನಲ್ಲಿ ‘ತೀರಿಕೊಂಡರು’ ಎಂದರೆ ಒಣಗುತ್ತದೆ, ‘ಸ್ವರ್ಗಸ್ಥರಾದರು’ ಎಂದರೆ ಒಣಗುವುದಿಲ್ಲ. ‘ಸ್ವರ್ಗಸ್ಥರಾದರಂತೆ’ ಎಂದು ಹಾಕಿಸಿದ ಒಂದು ಮನೆಯವರಿಗೂ ಅವರ ನೆಂಟರಿಗೂ ಆದ ಜಗಳವನ್ನು ನಾನೇ ಬಿಡಿಸಿದ್ದೇನೆ. ಮದುವೆ ಕರೆಯೋಲೆ ಮಾತ್ರ ಮೆಷಿನ್ನಿನಿಂದ ಇಳಿಯುತ್ತಲೇ ಒಣಗಿರುತ್ತದೆ, ‘ಗುರುಹಿರಿಯರು ನಿಶ್ಚಯಿಸಿರುವಂತೆ’ ಎಂದು ಅದರಲ್ಲಿ ಮೊದಲೇ ಇರುತ್ತದಲ್ಲ. ಅದು ಬೇರೆ ‘ಅಂತೆ’, ಹೊನ್ನಕ್ಕ ಎಂದು ಮೆಡಿಕಲ್ ಕಾಲೇಜಿನ ವನಮಾಲಾ ಮೇಡಂ ನಗುತ್ತಾರೆ. ಮಸಿಗೆ ಅಷ್ಟೆಲ್ಲ ವ್ಯಾಕರಣ ತಿಳಿಯದು ಮೇಡಂ ಎನ್ನುತ್ತೇನೆ ನಾನು.

ಊರಿನ ಸಂಜೆ ಪತ್ರಿಕೆಯವರು ಈ ಅಂತೆಯನ್ನು ಚೆನ್ನಾಗಿ ಪಳಗಿಸಿಕೊಂಡಿದ್ದಾರೆ. ಅವರ ಪ್ರತಿ ಸಾಲೂ ಅಂತೆಯಲ್ಲೇ ಮುಗಿಯುತ್ತದೆ. ಅವನು ಓಡಿಹೋದನಂತೆ, ಇವಳು ಹೊಡೆದಳಂತೆ, ಸೇತುವೆ ಬೀಳುತ್ತದಂತೆ. ಯಾರ ಬೆರಳಿಗೂ ಮಸಿ ಹತ್ತುವುದಿಲ್ಲ, ಯಾರ ಮೇಲೂ ಹೊಣೆ ಬೀಳುವುದಿಲ್ಲ. ಓದುವವರಿಗೂ ಅಭ್ಯಾಸವಾಗಿ, ಸಾರಿನಲ್ಲಿ ಬಂದ ಕರಿಬೇವನ್ನು ತಟ್ಟೆಯಂಚಿಗೆ ತಳ್ಳುವ ಹಾಗೆ ಅಂತೆಯನ್ನು ಪಕ್ಕಕ್ಕೆ ತಳ್ಳಿ ಉಳಿದದ್ದನ್ನು ನಂಬಿಬಿಡುತ್ತಾರೆ.

ಇದನ್ನೆಲ್ಲ ನೋಡಿಯೇ ಡಾಕ್ಟರ್ ಗುರುಪಾದಯ್ಯನವರು ಹಸಿರು ರಟ್ಟಿನ ಪುಸ್ತಕ ಶುರುಮಾಡಿದಾಗ ಒಂದು ಕಟ್ಟುಪಾಡು ಹಾಕಿದರಂತೆ. ನನ್ನ ಯಜಮಾನರು ಬದುಕಿದ್ದಾಗ ಹೇಳಿದ್ದು ಇದು, ಆಗ ಪ್ರೆಸ್ಸು ಅವರ ಕೈಯಲ್ಲಿತ್ತು. ಹಸಿರು ರಟ್ಟಿನ ಪುಸ್ತಕ ಎಂದರೆ ನಮ್ಮ ಮೆಡಿಕಲ್ ಕಾಲೇಜಿನ ಸಂಶೋಧನಾ ಪತ್ರಿಕೆ. ಮೂರು ತಿಂಗಳಿಗೊಮ್ಮೆ ನಮ್ಮಲ್ಲೇ ಅಚ್ಚಾಗುತ್ತದೆ. ಅದಕ್ಕೆ ದೊಡ್ಡದೊಂದು ಹೆಸರಿದೆ, ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಡಾಕ್ಟರು ಹಾಕಿದ ಕಟ್ಟುಪಾಡು ಇಷ್ಟೇ: ಈ ಪುಸ್ತಕದಲ್ಲಿ ಅಂತೆ ಬಂದರೆ, ಯಾರಂತೆ ಎಂಬುದೂ ಬರಬೇಕು. ಹೇಳಿದವರ ಹೆಸರಿಲ್ಲದ ಅಂತೆಗೆ ಇಲ್ಲಿ ಜಾಗವಿಲ್ಲ. ಹೀಗಾಗಿ ಸುತ್ತಲ ಹಳ್ಳಿಗಳ ಆಸ್ಪತ್ರೆಗಳಲ್ಲಿ, ಕೇಳಲು ಪಕ್ಕದಲ್ಲಿ ಇನ್ನೊಬ್ಬ ಡಾಕ್ಟರಿಲ್ಲದ ಕಡೆ, ಮೇಜಿನ ಮೇಲೆ ಈ ಪುಸ್ತಕವಿರುತ್ತದೆ. ಅದರಲ್ಲಿ ಹೇಳಿದ ಔಷಧವನ್ನು ಅವರು ಎರಡನೇ ಮಾತಿಲ್ಲದೆ ಕೊಡುತ್ತಾರೆ.

ಗುರುಪಾದಯ್ಯನವರಿಗೆ ವಯಸ್ಸಾದ ಮೇಲೆ ಪತ್ರಿಕೆ ವನಮಾಲಾ ಮೇಡಂ ಕೈಗೆ ಬಂತು. ಮೇಡಂ ಅವರ ಶಿಷ್ಯೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದವರ ಮಗಳು. ಈ ಹುಡುಗಿ ಡಾಕ್ಟರಾಗಿ ಏನು ಕಡಿದು ಕಟ್ಟೆ ಹಾಕುತ್ತಾಳೆ ಎಂದವರ ಬಾಯಿ ಮುಚ್ಚಿಸಿ, ತಮ್ಮ ವಾರ್ಡಿನಲ್ಲೇ ಕೂರಿಸಿಕೊಂಡು ಕಲಿಸಿದವರು ಗುರುಪಾದಯ್ಯನವರಂತೆ. ಮೇಡಂ ಅವರೇ ನನಗೆ ಹೇಳಿದ್ದಾರೆ, ಒಂದಲ್ಲ ಹತ್ತಾರು ಸಲ. ಡಾಕ್ಟರ ಮಾತು ಬಂದಾಗಲೆಲ್ಲ ಮೇಡಂ ಕೂತಲ್ಲೇ ನೆಟ್ಟಗಾಗುತ್ತಿದ್ದರು.

ಹೋದ ಬೇಸಿಗೆಯಲ್ಲಿ ಊರಿಗೆ ಮಕ್ಕಳ ಜ್ವರ ಬಂತು. ಕೆಟ್ಟ ಜ್ವರ. ಕೆಲವು ಮನೆಗಳ ಮುಂದೆ ಚಪ್ಪಲಿಗಳ ರಾಶಿ ನೋಡಿ ನಾನು ಬೇರೆ ದಾರಿ ಹಿಡಿದು ಹೋಗಿದ್ದೇನೆ. ಗುರುಪಾದಯ್ಯನವರು ಮನೆಯಲ್ಲಿ ಕೂರದೆ ಮತ್ತೆ ವಾರ್ಡಿಗೆ ಬಂದರು. ದೊಡ್ಡವರಿಗೆ ಕೊಡುತ್ತಿದ್ದ ಒಂದು ಹಳೆಯ ಔಷಧವನ್ನು ಅಳತೆ ಬದಲಿಸಿ ಮಕ್ಕಳಿಗೆ ಕೊಟ್ಟರು. ಅವರು ಕೊಟ್ಟ ಮಕ್ಕಳೆಲ್ಲ ಎದ್ದು ಕೂತವು. ಇದು ನಿಜ, ವಾರ್ಡಿನ ಬಾಗಿಲಲ್ಲಿ ನಿಂತು ನಾನೇ ನೋಡಿದ್ದೇನೆ, ನನ್ನ ತಂಗಿಯ ಮೊಮ್ಮಗನೂ ಅದರಲ್ಲಿದ್ದ. ಆ ಔಷಧದ ಬಗ್ಗೆ ಡಾಕ್ಟರು ಲೇಖನ ಬರೆದರು. ಹೊರಗಿನ ಇಬ್ಬರು ಪರಿಶೀಲಕರು ಓದಿ ಒಪ್ಪಿದರು. ಅದೇ ಸಂಚಿಕೆಯನ್ನು ಡಾಕ್ಟರಿಗೆ ಅಭಿನಂದನಾ ಸಂಚಿಕೆ ಮಾಡುವುದೆಂದು ಕಾಲೇಜಿನವರು ತೀರ್ಮಾನಿಸಿದರು. ರಟ್ಟಿನ ಮೇಲೆ ಅವರ ಫೋಟೋ, ಭಾನುವಾರ ಸಮಾರಂಭ, ಪೇಟ, ಶಾಲು, ಹಣ್ಣಿನ ಬುಟ್ಟಿ.

ಸಂಚಿಕೆಯ ಫಾರಂ, ಎಂದರೆ ಪುಟಗಳ ದೊಡ್ಡ ಹಾಳೆ, ಅಚ್ಚಾಗಿ ತಂತಿಗೆ ಹೋಯಿತು. ಮಧ್ಯಾಹ್ನ ಊಟ ಮಾಡಿ ಬಂದು ಮುಟ್ಟಿದರೆ ಎಲ್ಲ ಒಣಗಿದೆ, ಡಾಕ್ಟರ ಲೇಖನದ ಕೊನೆಯ ಪುಟದಲ್ಲಿ ಒಂದೇ ಒಂದು ಸಾಲು ಹಸಿ. ‘ಔಷಧ ಪಡೆದ ಮಕ್ಕಳಲ್ಲಿ ಯಾರಿಗೂ ಮುಂದೆ ಯಾವ ತೊಂದರೆಯೂ ಉಳಿಯಲಿಲ್ಲ.’ ಇನ್ನೊಂದು ಹಾಳೆ ನೋಡಿದೆ, ಮತ್ತೊಂದು ನೋಡಿದೆ. ಎಲ್ಲದರಲ್ಲೂ ಅದೇ ಸಾಲು ಎಣ್ಣೆ ಹಚ್ಚಿದ ತಲೆಯ ಹಾಗೆ ಹೊಳೆಯುತ್ತಿತ್ತು. ಬೇರೆ ಯಾರದ್ದಾಗಿದ್ದರೂ ಎರಡನೇ ತಂತಿಗೆ ಹಾಕಿ ಸುಮ್ಮನಾಗುತ್ತಿದ್ದೆ. ಗುರುಪಾದಯ್ಯನವರ ಹಾಳೆ ಆ ತಂತಿ ಕಂಡಿರಲಿಲ್ಲ. ಮೇಡಂಗೆ ಹೇಳಿಕಳಿಸಿದೆ.

ಅವರು ಬಂದು ಹೆಬ್ಬೆರಳು ಒತ್ತಿದರು. ಬೆರಳು ನೋಡಿಕೊಂಡರು. ಸೆರಗಿನ ಒಳಬದಿಗೆ ಒರೆಸಿಕೊಂಡು ಮತ್ತೆ ಒತ್ತಿದರು. ಅಷ್ಟರಲ್ಲಿ ಪ್ರಿನ್ಸಿಪಾಲ್ ರಂಗಧಾಮಪ್ಪನವರೂ ಸ್ಕೂಟರಿನಲ್ಲಿ ಬಂದಿಳಿದರು. ಅವರು ಕೆಟ್ಟ ಮನುಷ್ಯರಲ್ಲ. ಕರೆಯೋಲೆ ಹಂಚಿ, ಶಾಮಿಯಾನಕ್ಕೆ ಹೇಳಿ, ಹೊರಗಿನ ಗಣ್ಯರಿಗೆ ಇಳಿದುಕೊಳ್ಳುವ ಜಾಗ ಮಾಡಿ ಸುಸ್ತಾಗಿದ್ದವರು. ಇದ್ದಿಲ ಇಸ್ತ್ರಿ ಪೆಟ್ಟಿಗೆ ಹಾಯಿಸಿ ನೋಡಿದ್ರಾ, ಟಾಲ್ಕಂ ಪೌಡರ್ ಉದುರಿಸಿದ್ರೆ ಹೆಂಗೆ ಎಂದು ನನ್ನನ್ನು ಕೇಳಿದರು. ಪೌಡರು ಹಾಕಿದರೆ ಸಾಲು ಬೆಳ್ಳಗಾಗುತ್ತದೆಯೇ ಹೊರತು ಒಣಗುವುದಿಲ್ಲ ಎಂದೆ.

“ಎರಡಕ್ಷರ, ಮೇಡಂ. ಉಳಿಯಲಿಲ್ಲವಂತೆ ಅಂತ ಮಾಡಿಬಿಡಿ. ಯಾರು ನೋಡ್ತಾರೆ?” ಎಂದರು ಪ್ರಿನ್ಸಿಪಾಲರು.

“ಯಾರೂ ನೋಡಲ್ಲ ಸರ್, ಅದೇ ನನಗೆ ಭಯ. ಅಂತೆ ಹಾಕಿದ್ರೆ ಯಾರಂತೆ ಅಂತಲೂ ಹಾಕಬೇಕು. ಯಾರು ಹೇಳಿದ್ದು ಅಂತ ಹಾಕಲಿ?”

ಹಿಂದೊಮ್ಮೆ ಒಬ್ಬ ಕಣ್ಣಿನ ಡಾಕ್ಟರ ಲೇಖನಕ್ಕೆ ಹೀಗೆ ಅಂತೆ ಬಿದ್ದು, ಊರಿನ ಹುಡುಗರು ಅವರನ್ನು ಅಂತೆ ಡಾಕ್ಟ್ರು, ಅಂತೆ ಡಾಕ್ಟ್ರು ಎಂದು ಕರೆದು, ಅವರು ಊರೇ ಬಿಟ್ಟದ್ದು ಮೂವರಿಗೂ ನೆನಪಾಗಿರಬೇಕು. ಸರ್‌ನೇ ಹೋಗಿ ಕೇಳ್ತೀನಿ ಎಂದು ಮೇಡಂ ಹಾಳೆ ಇಳಿಸಿಕೊಂಡರು. ಹಸಿ ಹಾಳೆಯನ್ನು ಮಡಚುವ ಹಾಗಿಲ್ಲ. ದೊಡ್ಡ ಮೊರದಲ್ಲಿ ಇಟ್ಟು, ಮೇಲೆ ಬಿಳಿ ಪಂಚೆ ಮುಚ್ಚಿ, ನಾನೂ ಅವರ ಜೊತೆ ಹೊರಟೆ. ಹೂವಿನಂಗಡಿಯವಳು, ಏನ್ ಹೊನ್ನಕ್ಕ ಹಪ್ಪಳನಾ ಎಂದು ಕೂಗಿದಳು. ಹೂಂ ಕಣೇ, ಇನ್ನೂ ಒಣಗಿಲ್ಲ ಎಂದೆ. ಮೇಡಂ ನಗಲಿಲ್ಲ.

ಗುರುಪಾದಯ್ಯನವರು ಜಗಲಿಯ ಬೆತ್ತದ ಕುರ್ಚಿಯಲ್ಲಿದ್ದರು. ಕಾಲಿನ ಸದ್ದಿಗೇ, ವನಮಾಲಾ ಬಾರಮ್ಮ ಎಂದರು. ಅವರ ಕಣ್ಣು ಮಂದವಾಗಿದೆ ಎಂದು ಊರಲ್ಲಿ ಮಾತಿತ್ತು, ಅವರು ಮಾತ್ರ ಒಪ್ಪಿಕೊಂಡಿರಲಿಲ್ಲ. ಮೇಡಂ ಸುತ್ತಿ ಬಳಸಿ ಮಾತಾಡಲಿಲ್ಲ. ಮೊರವನ್ನು ಅವರ ತೊಡೆಯ ಮೇಲಿಟ್ಟು, ಅವರ ಕೈ ಹಿಡಿದು ಆ ಸಾಲಿನ ಮೇಲೆ ಇಟ್ಟರು. ಡಾಕ್ಟರು ಹೆಬ್ಬೆರಳು ಒತ್ತಿ ಮೂಗಿನ ಹತ್ತಿರ ಹಿಡಿದುಕೊಂಡರು. ಮಸಿಯ ವಾಸನೆ ಅವರಿಗೆ ನಮ್ಮಷ್ಟೇ ಗೊತ್ತು.

ಮೋಡದ ಹವಾ ಎಂದರು. ಬೇರೆಲ್ಲ ಸಾಲು ಒಣಗಿದೆ ಸರ್ ಎಂದರು ಮೇಡಂ. ಅಚ್ಚಿನ ಮೊಳೆ ಸವೆದಿರಬೇಕು ಎಂದರು ಡಾಕ್ಟರು. ಮೊಳೆ ಹೊಸದು ಎಂದು ನಾನು ಹೇಳಬೇಕಾಯಿತು. ಆಮೇಲೆ ಅವರು ನೆಟ್ಟಗೆ ಕೂತರು. ಈ ಊರಿನ ಅರ್ಧ ಜನ ನನ್ನ ಕೈಯಲ್ಲಿ ಅತ್ತು ಉಸಿರು ತಗೊಂಡವರು, ನನ್ನ ಮಾತಿಗೆ ಬಾಲ ಹಚ್ಚೋಕೆ ಬಂದಿದೀಯಾ ಎಂದರು. ದನಿ ಏರಿಸಲಿಲ್ಲ, ಅದೇ ಕಷ್ಟವಾಗಿತ್ತು ಕೇಳಲು.

“ಸರ್, ಮನೆಗೆ ಹೋದ ಮೇಲೆ ಆ ಮಕ್ಕಳನ್ನ ನೀವು ನೋಡಿದ್ರಾ?”

“ಫಿಲೋಮಿನಾ ಮನೆಮನೆಗೆ ಹೋಗಿ ಬಂದಿದಾಳೆ.”

“ನೀವು?”

ಡಾಕ್ಟರು ಉಟ್ಟ ಪಂಚೆಗೆ ಹೆಬ್ಬೆರಳು ಒರೆಸಿಕೊಂಡರು. ಬಿಳಿ ಪಂಚೆಯ ಮೇಲೆ ಕಪ್ಪು ಗೆರೆ ಬಿತ್ತು, ಅದು ಅವರಿಗೆ ಕಾಣಿಸಲಿಲ್ಲ. ನೀನು ಈಗ ಸಂಪಾದಕಿ, ನಿನಗೆ ತಿಳಿದ ಹಾಗೆ ಮಾಡು, ನಾನು ಭಾನುವಾರ ಬರುವುದಿಲ್ಲ ಎಂದು ಹೇಳಿ ಮುಖ ತಿರುಗಿಸಿದರು. ಮೇಡಂ ಬಾಗಿ ಅವರ ಕಾಲು ಮುಟ್ಟಿದರು. ಅವರು ಕಾಲು ಹಿಂದಕ್ಕೆ ಎಳೆದುಕೊಂಡದ್ದನ್ನು ನಾನು ಕಂಡೆ, ಮೇಡಂ ಕೂಡ ಕಂಡರು. ಗೇಟಿನ ಹೊರಗೆ ಬಂದು ಮೊರದ ಮೇಲಿನ ಪಂಚೆಯನ್ನು ಸರಿಮಾಡುತ್ತ ಬಹಳ ಹೊತ್ತು ನಿಂತರು. ಆ ಹೊತ್ತಿನಲ್ಲಿ ವಾಪಸ್ಸು ಹೋಗಿ ಕ್ಷಮಿಸಿ ಸರ್ ಎಂದು ಅಂತೆ ಹಾಕಿ ಮುಗಿಸಿಬಿಡೋಣ ಅನ್ನಿಸಿತ್ತಂತೆ. ಆಮೇಲೆ ಎಷ್ಟೋ ದಿನಕ್ಕೆ ಹೇಳಿದರು.

ಸಿಸ್ಟರ್ ಫಿಲೋಮಿನಾ ಮಕ್ಕಳ ವಾರ್ಡಿನ ಹಿರಿಯ ನರ್ಸು. ಸುಳ್ಳು ಹೇಳಲು ಬಾರದ ಹೆಂಗಸು. ಚರ್ಚಿನ ಹಿಂದಿನ ತನ್ನ ಮನೆಯಲ್ಲಿ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದಳು. ಮೇಡಂ ಕೇಳಿದ ಕೂಡಲೇ ಅವಳಿಗೆ ವಿಷಯ ತಿಳಿದುಹೋಯಿತು.

“ಎಲ್ಲ ಮನೆಗೂ ಹೋಗಿದ್ದೆ ಮೇಡಂ. ಬಾಗಿಲಲ್ಲಿ ನಿಂತು ಕೇಳಿದೆ, ಮಗು ಹೇಗಿದೆ ಅಂತ. ಚೆನ್ನಾಗಿದೆ ಅಂದ್ರು. ಕೆಲವರ ಮಕ್ಕಳು ಆಡೋಕೆ ಹೋಗಿದ್ವು, ನಾನು ನೋಡ್ಲಿಲ್ಲ. ಡಾಕ್ಟ್ರಿಗೆ ಹೇಳುವಾಗ ಎಲ್ಲರೂ ಚೆನ್ನಾಗಿದಾರಂತೆ ಅಂತಾನೇ ಹೇಳಿದ್ದು. ಯೇಸುವಿನ ಆಣೆಗೂ, ಅಂತೆ ಅಂದಿದ್ದೆ.”

ಅಲ್ಲಿಗೆ ಗಂಟು ಎಲ್ಲಿದೆ ಎಂದು ಗೊತ್ತಾಯಿತು. ಯಾರೂ ಸುಳ್ಳು ಹೇಳಿರಲಿಲ್ಲ. ಹೇಳಿದ ಬಾಯಿಗೂ ಬರೆದ ಕೈಗೂ ನಡುವೆ ಒಂದು ಅಂತೆ ಜಾರಿ ಬಿದ್ದಿತ್ತು. ಮೇಡಂ ಮುಖದಲ್ಲಿ ಸ್ವಲ್ಪ ಬೆಳಕು ಬಂತು. ಹಾಗಾದರೆ ಮಕ್ಕಳನ್ನು ನೋಡಿಬಂದರೆ ಸರಿ, ಎಲ್ಲರೂ ಚೆನ್ನಾಗಿದ್ದರೆ ನಾನು ನೋಡಿದೆ ಎಂದು ಹಾಕಬಹುದು, ಸಾಲು ಒಣಗುತ್ತದೆ, ಸರ್ ಮಾತೂ ಉಳಿಯುತ್ತದೆ ಎಂದರು. ಸಿಸ್ಟರ್ ಕೈ ತೊಳೆದುಕೊಂಡು ಚಪ್ಪಲಿ ಮೆಟ್ಟಿದಳು. ಮೊರವನ್ನು ಅವಳ ಮನೆಯಲ್ಲೇ ಇಟ್ಟು ಮೂವರೂ ಹೊರಟೆವು. ಓಣಿಗಳು ನನಗೆ ಚೆನ್ನಾಗಿ ಗೊತ್ತು, ಕರಪತ್ರ ತಲುಪಿಸಿ ತಲುಪಿಸಿ.

ಆ ದಿನವೂ ಮರುದಿನವೂ ಮನೆ ಮನೆ ತಿರುಗಿದೆವು. ಮೇಡಂ ಪ್ರತಿ ಮಗುವನ್ನೂ ಹತ್ತಿರ ಕರೆದು ನಾಲಿಗೆ ನೋಡಿದರು, ಓಡಿಸಿದರು, ಕಣ್ಣಿನ ಮುಂದೆ ಬೆರಳಾಡಿಸಿದರು, ಬೆನ್ನ ಹಿಂದೆ ನಿಂತು ಹೆಸರು ಕೂಗಿದರು. ಎಲ್ಲವೂ ಗಟ್ಟಿ. ನನ್ನ ತಂಗಿಯ ಮೊಮ್ಮಗನಂತೂ ಮೇಡಂ ಕನ್ನಡಕ ಕಿತ್ತುಕೊಂಡು ಓಡಿದ. ಒಂದೊಂದು ಮನೆಯಿಂದ ಹೊರಬಂದಾಗಲೂ ಮೇಡಂ ನಡಿಗೆ ಹಗುರವಾಗುತ್ತಿತ್ತು. ಕೊನೆಗೆ ಉಳಿದದ್ದು ಮಂಡಕ್ಕಿ ಭಟ್ಟಿಯ ಓಣಿಯ ಮನೆ. ಸಿಸ್ಟರೇ ಹೇಳಿದಳು, ಅಲ್ಲಿ ಹೋಗೋದು ಬೇಡ ಅನ್ಸುತ್ತೆ ಮೇಡಂ, ಆ ಹುಡುಗಿ ವಾರ್ಡಲ್ಲಿ ಎಲ್ಲರಿಗಿಂತ ಮೊದಲು ಎದ್ದು ಕೂತೋಳು. ಮೇಡಂ ಒಂದು ಗಳಿಗೆ ನಿಂತರು, ಆಮೇಲೆ ಬಂದದ್ದು ಬಂದೆವಲ್ಲ ಎಂದರು.

ಭಟ್ಟಿಯೊಳಗೆ ಹೋದವರಿಗೆ ಗೊತ್ತು, ಅಲ್ಲಿ ಮಾತು ನಡೆಯುವುದಿಲ್ಲ. ಕಾದ ಮರಳಿನಲ್ಲಿ ಅಕ್ಕಿ ಪಟಪಟ ಸಿಡಿಯುತ್ತಿರುತ್ತದೆ, ಒಲೆ ಬುಸುಗುಡುತ್ತಿರುತ್ತದೆ, ಜರಡಿಯ ಸದ್ದು ಬೇರೆ. ಅಲ್ಲಿಯವರೆಲ್ಲ ಕೈಯಲ್ಲೇ ಮಾತಾಡುತ್ತಾರೆ. ಮೆಹರುನ್ನಿಸಾ ಒಲೆಯ ಮುಂದೆ ಕೂತು ಜರಡಿ ಆಡಿಸುತ್ತಿದ್ದಳು. ಸಿಸ್ಟರನ್ನು ಕಂಡು ಮುಖ ಅರಳಿಸಿ, ಕೈಸನ್ನೆಯಲ್ಲೇ ಕೂರಲು ಹೇಳಿದಳು. ಅವಳ ಮಗಳು ಶಬ್ಬು ನಾಲ್ಕು ವರ್ಷದವಳು, ಮೂಲೆಯಲ್ಲಿ ಮಂಡಕ್ಕಿಯ ರಾಶಿಗೆ ಕೈಹಾಕಿ ಆಡುತ್ತಿದ್ದಳು. ಮೇಡಂ ಹಿಂದಿನಿಂದ ಹೋಗಿ ಕೂಗಿದರು. ಮಗು ತಿರುಗಲಿಲ್ಲ. ಈ ಗಲಾಟೆಯಲ್ಲಿ ನನಗೇ ಅವರ ದನಿ ಕೇಳಿಸಿರಲಿಲ್ಲ.

ಮೆಹರುನ್ನಿಸಾ ಎದ್ದುಬಂದು ಮಗಳ ಭುಜ ಮುಟ್ಟಿದಳು, ಅದು ತಿರುಗಿ ನಕ್ಕಿತು. ಹೊರಗೆ ಕಟ್ಟೆಯ ಮೇಲೆ ಕೂತಾಗ ಅವಳು ಹೇಳಿದಳು:

“ಜ್ವರ ಹೋದಮೇಲೆ ಹಟ ಜಾಸ್ತಿ ಆಗೈತೆ ಮೇಡಂ. ಕೂಗಿದ್ರೆ ಬರಲ್ಲ, ಮುಟ್ಟಿದ್ರೆ ಬರ್ತಾಳೆ. ಮಾತೂ ಕಮ್ಮಿ ಮಾಡವ್ಳೆ. ಅವರಪ್ಪ ಮುದ್ದು ಮಾಡಿ ಕೆಡಿಸವ್ರೆ.”

ಮೇಡಂ ನನ್ನತ್ತ ನೋಡಿದರು. ಮಗುವನ್ನು ಎತ್ತಿಕೊಂಡು ಓಣಿಯಾಚೆ ಮಸೀದಿಯ ಹಿಂದಿನ ಖಾಲಿ ಜಾಗಕ್ಕೆ ನಡೆದರು, ನಾವೂ ಹಿಂದೆ ಹೋದೆವು. ಅಲ್ಲಿ ಬೇವಿನ ಮರದ ಗಾಳಿ ಬಿಟ್ಟರೆ ಸದ್ದಿರಲಿಲ್ಲ. ಮಗುವನ್ನು ನೆಲದ ಮೇಲೆ ಬಿಟ್ಟರು. ಅದು ಬಗ್ಗಿ ಬೇವಿನ ಹಣ್ಣು ಹೆಕ್ಕತೊಡಗಿತು. ಮೇಡಂ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಸಿಸ್ಟರಿನ ಕೈಯಲ್ಲಿದ್ದ ಸ್ಟೀಲು ಡಬ್ಬಿ ತೆಗೆದುಕೊಂಡು ಕಲ್ಲಿಗೆ ಬಡಿದರು. ಮರದ ಮೇಲಿನ ಕಾಗೆ ಹಾರಿತು. ಮಗು ಹಣ್ಣು ಹೆಕ್ಕುತ್ತಲೇ ಇತ್ತು.

ಮೆಹರುನ್ನಿಸಾ ಅಲ್ಲೇ ಕೂತಳು. ಅಳಲಿಲ್ಲ. ಕೂಗಿದ್ರೆ ಬರಲಿಲ್ಲ ಅಂತ ಹೊಡೆದಿದ್ದೆ ಹೊನ್ನಕ್ಕ ಎಂದು ನನಗೆ ಹೇಳಿದಳು. ಕಾಣದ್ದನ್ನು ಬರೆದ ಡಾಕ್ಟರು ಒಬ್ಬರೇ ಅಲ್ಲ, ತಾನೂ ಬಾಗಿಲಲ್ಲೇ ನಿಂತು ಬಂದವಳು ಎಂಬುದು ಸಿಸ್ಟರಿಗೂ ಬಡಿದಿರಬೇಕು, ಶಿಲುಬೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು.

ಪ್ರಿನ್ಸಿಪಾಲರಿಗೆ ಸುದ್ದಿ ತಿಳಿಸಿದಾಗ ಅವರು ಕುರ್ಚಿಯಲ್ಲಿ ಕುಸಿದರು. ಜ್ವರದಿಂದಲೇ ಕಿವಿ ಹೋಗಿರಬಹುದಲ್ಲ, ಔಷಧದಿಂದ ಅಂತ ಹೇಗೆ ಹೇಳ್ತೀರಿ, ಒಂದೇ ಮಗು, ಉಳಿದವು ಬದುಕಿವೆ ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ಇರಬಹುದು ಸರ್, ಹಾಗಂತಲೇ ಬರೆಯೋಣ ಎಂದರು ಮೇಡಂ. ಸಮಾರಂಭದ ಗತಿ ಏನು ಎಂದು ಅವರು ಕೇಳಿದರು. ಶಾಮಿಯಾನದವನಿಗೆ ಬೇಡವೆಂದು ನಾನೇ ಹೇಳಿಕಳಿಸಿದೆ.

ಪ್ರೆಸ್ಸಿಗೆ ಬಂದು ಮೇಡಂ ನಿಂತುಕೊಂಡೇ ಬರೆದರು. ನಾನೇ ಮೊಳೆ ಜೋಡಿಸಿದೆ. ಅವರು ಬರೆದದ್ದು ಇದು: ‘ಡಾಕ್ಟರ್ ಗುರುಪಾದಯ್ಯನವರ ಲೇಖನ ಈ ಪುಟದಲ್ಲಿ ಬರಬೇಕಿತ್ತು, ನಿಲ್ಲಿಸಿದ್ದೇನೆ. ಔಷಧ ಪಡೆದ ಮಕ್ಕಳು ಜ್ವರದಿಂದ ಎದ್ದಿದ್ದಾರೆ. ಅವರಲ್ಲಿ ಒಂದು ಮಗುವಿಗೆ ಈಗ ಕಿವಿ ಕೇಳಿಸುತ್ತಿಲ್ಲ, ನಾನು ನೋಡಿದ್ದೇನೆ. ಜ್ವರದಿಂದಲೋ ಔಷಧದಿಂದಲೋ ಗೊತ್ತಿಲ್ಲ. ಗೊತ್ತಾಗುವವರೆಗೆ ಕೊಡುವ ಮುಂಚೆ ಇದನ್ನು ನೆನೆಯಿರಿ, ಕೊಟ್ಟ ಮೇಲೆ ಮಗುವಿನ ಬೆನ್ನ ಹಿಂದೆ ನಿಂತು ಕರೆಯಿರಿ.’ ಕೆಳಗೆ ತಮ್ಮ ಹೆಸರು. ಒಂದು ಪ್ರೂಫ್ ತೆಗೆದೆ. ‘ಗೊತ್ತಿಲ್ಲ’ ಎಂಬ ಸಾಲು ಎಲ್ಲಕ್ಕಿಂತ ಮೊದಲು ಒಣಗಿತು. ಇಷ್ಟು ವರ್ಷದಲ್ಲಿ ಆ ಮಾತನ್ನು ಅಚ್ಚು ಹಾಕಿಸಿದವರು ನನಗೆ ಹೆಚ್ಚು ಸಿಕ್ಕಿಲ್ಲ, ಅದು ಅಷ್ಟು ಬೇಗ ಒಣಗುತ್ತದೆಂದು ನನಗೂ ಅವತ್ತೇ ತಿಳಿದದ್ದು.

ಪುಸ್ತಕಕ್ಕೆ ಹೋಗುವ ಮೊದಲು ಅವರು ನೋಡಬೇಕು, ಬೆನ್ನ ಹಿಂದೆ ಮಾಡುವುದಲ್ಲ ಇದು ಎಂದು ಮೇಡಂ ಪ್ರೂಫ್ ಹಿಡಿದು ಮತ್ತೆ ಆ ಜಗಲಿಗೆ ಹೋದರು. ನಾನೂ ಜೊತೆಗಿದ್ದೆ, ಈ ಸಲ ಮೊರ ಬೇಕಿರಲಿಲ್ಲ. ಡಾಕ್ಟರು ಮಾತಾಡಿಸಲಿಲ್ಲ. ಮೇಡಂ ಓದಿ ಹೇಳಲು ಶುರುಮಾಡಿದರು. ಮುಗಿದ ಮೇಲೆ ಡಾಕ್ಟರು ಕೈ ಚಾಚಿದರು. ಹಾಳೆಯ ಮೇಲೆ ಹೆಬ್ಬೆರಳನ್ನು ಮೇಲಿಂದ ಕೆಳಕ್ಕೆ ನಿಧಾನವಾಗಿ ಉಜ್ಜಿದರು, ಪ್ರತಿ ಸಾಲಿನ ಮೇಲೂ. ಬೆರಳನ್ನು ಮೂಗಿಗೆ ಹಿಡಿದರು. ಪಂಚೆಗೆ ಒರೆಸಿಕೊಳ್ಳಲು ಹೋಗಿ, ಒರೆಸಲು ಏನೂ ಇಲ್ಲವೆಂದು ಕೈ ಹಾಗೇ ನಿಂತಿತು.

“ಯಾವ ಮಗು?”

“ಭಟ್ಟಿ ಓಣಿಯ ಮೆಹರುನ್ನಿಸಾ ಮಗಳು, ಸರ್.”

“ಸ್ಟೆತಾಸ್ಕೋಪು ಬಾಯಲ್ಲಿ ಕಚ್ತಿದ್ದೋಳು.” ಅವರು ಕುರ್ಚಿಯ ಕೈ ಹಿಡಿದು ಎದ್ದರು. “ನನ್ನ ಚಪ್ಪಲಿ ಎಲ್ಲಿ ನೋಡು.”

ಆಟೋದಲ್ಲಿ ಅವರ ಒಂದು ಪಕ್ಕ ಮೇಡಂ, ಇನ್ನೊಂದು ಪಕ್ಕ ನಾನು. ದಾರಿಯುದ್ದಕ್ಕೂ ಅವರು ಮೇಡಂ ಮೊಣಕೈ ಹಿಡಿದಿದ್ದರು. ಇಳಿಯುವಾಗ ಮೆಟ್ಟಿಲು ಎಲ್ಲಿದೆ ಎಂದು ಕೇಳಿದರು, ಮೊದಲ ಸಲ. ಮೆಹರುನ್ನಿಸಾ ಅವರನ್ನು ಕಂಡು ಒಲೆಯಿಂದ ಕಟ್ಟಿಗೆ ಹಿಂದಕ್ಕೆ ಎಳೆದಳು. ಸದ್ದು ಒಂದೊಂದಾಗಿ ಇಳಿದು, ಕೊನೆಯ ಕೆಲವು ಕಾಳು ಸಿಡಿದು, ಭಟ್ಟಿ ಸುಮ್ಮನಾಯಿತು. ಆ ಜಾಗ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕೇಳಿರಲಿಲ್ಲ. ಡಾಕ್ಟರು ಗೋಣಿಚೀಲದ ಮೇಲೆ ಕೂತರು. ಮಗುವನ್ನು ತಮ್ಮ ಮುಂದೆ, ಬೆನ್ನು ತಮ್ಮ ಕಡೆಗೆ ಮಾಡಿ ಕೂರಿಸಲು ಹೇಳಿದರು. ಅದರ ನೆತ್ತಿಯ ಮೇಲೆ ಅಂಗೈ ಇಟ್ಟರು.

“ಶಬ್ಬೂ” ಎಂದು ಕರೆದರು. ವಾರ್ಡಿನಲ್ಲಿ ಮಕ್ಕಳನ್ನು ಎಬ್ಬಿಸುತ್ತಿದ್ದ ದನಿ. ಅಂಗೈಯ ಕೆಳಗೆ ತಲೆ ಅಲುಗಲಿಲ್ಲ. ಇನ್ನೊಮ್ಮೆ ಕರೆದರು, ಗಟ್ಟಿಯಾಗಿ. ಹೊರಗೆ ಓಣಿಯಲ್ಲಿ ಯಾರೋ ನಿಂತು ಇಣುಕಿದರು. ಮಗು ಅಲುಗಲಿಲ್ಲ. ತಲೆಯ ಮೇಲಿನ ಕೈ ಏನೋ ಕೇಳುತ್ತಿದೆ ಎಂದುಕೊಂಡಿತೋ ಏನೋ, ಅದನ್ನು ಎರಡೂ ಕೈಯಲ್ಲಿ ಕೆಳಗಿಳಿಸಿ, ಬಿಡಿಸಿ, ಅದರ ತುಂಬ ಮಂಡಕ್ಕಿ ಹಾಕಿತು. ಡಾಕ್ಟರು ಮಂಡಕ್ಕಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಕೂತರು.

“ವನಮಾಲಾ, ನಿನ್ನ ಹೆಸರು ತೆಗಿ. ಇದು ನನ್ನ ಹೆಸರಲ್ಲಿ ಬರಬೇಕು. ನೋಡಿದೆ ಅಂತ ಹಾಕಬೇಡ, ನನಗೆ ಕಣ್ಣು ಕಾಣಲ್ಲ. ತಲೆ ಮೇಲೆ ಕೈಯಿಟ್ಟು ಕರೆದೆ, ತಿರುಗಲಿಲ್ಲ ಅಂತ ಹಾಕು.”

ಮೇಡಂ ಹೂಂ ಎಂದರು. ಆಗ ಕೇಳಿದ್ದು ಮೆಹರುನ್ನಿಸಾ.

“ಬುಕ್ಕಲ್ಲಿ ಹಾಕಿದ್ರೆ ಇವಳಿಗೆ ಕೇಳ್ಸುತ್ತಾ ಡಾಕ್ಟ್ರೇ?”

“ಇಲ್ಲ ತಾಯಿ.”

“ಮತ್ತೆ ಯಾರಿಗೆ ಅದು?”

“ಇನ್ನೊಬ್ಬರ ಮಗೂಗೆ.”

ಅವಳು ಮಗಳ ತಲೆಗೂದಲಿನಿಂದ ಮಂಡಕ್ಕಿಯ ಹೊಟ್ಟು ತೆಗೆಯುತ್ತ ಕೂತಳು. ನೀವು ಬದುಕಿಸಿಕೊಟ್ರಿ, ಅದನ್ನ ಮರೆಯಲ್ಲ, ಇದನ್ನೂ ಮರೆಯಲ್ಲ ಎಂದಳು. ಆಮೇಲೆ, ಹಾಕಿ, ನನ್ನ ಮಗಳ ಹೆಸರು ಮಾತ್ರ ಬೇಡ, ನಾಳೆ ಅವಳು ಇದೇ ಊರಲ್ಲಿ ಬದುಕಬೇಕು ಎಂದಳು. ಡಾಕ್ಟರು ತಲೆಯಾಡಿಸಿದರು. ಮೆಹರುನ್ನಿಸಾ ಕಟ್ಟಿಗೆಯನ್ನು ಮತ್ತೆ ಒಲೆಗೆ ತಳ್ಳಿದಳು, ಇನ್ನು ಮಾತು ಬೇಡ ಎಂಬ ಹಾಗೆ.

ಆ ಸಂಚಿಕೆ ತಡವಾಗಿ ಬಂತು, ರಟ್ಟಿನ ಮೇಲೆ ಫೋಟೋ ಇಲ್ಲದೆ. ಡಾಕ್ಟರು ಮೇಡಂ ಬರೆದದ್ದನ್ನೇ ಉಳಿಸಿಕೊಂಡು, ನಡುವಿನ ಸಾಲನ್ನು ಮಾತ್ರ ತಮ್ಮದಾಗಿಸಿದರು. ‘ಸಿಸ್ಟರ್ ಫಿಲೋಮಿನಾ ಹೇಳಿದ್ದನ್ನು ನಾನು ಕಂಡದ್ದೆಂದು ಬರೆದೆ’ ಎಂದು ಅದಕ್ಕೆ ಇನ್ನೊಂದು ಸಾಲನ್ನೂ ಸೇರಿಸಿದರು. ಶಾಲು ಹೊದೆಯಲು ಅವರು ಆಮೇಲೂ ಒಪ್ಪಲಿಲ್ಲ. ಮೇಡಂ ವಾರಕ್ಕೊಮ್ಮೆ ಹೋಗಿ, ಪತ್ರಿಕೆಗೆ ಬಂದ ಲೇಖನಗಳನ್ನು ಅವರಿಗೆ ಓದಿ ಹೇಳುತ್ತಾರೆ. ಶಬ್ಬುವನ್ನು ಇಬ್ಬರೂ ಸೇರಿ ಸನ್ನೆ ಕಲಿಸುವ ಶಾಲೆಗೆ ಸೇರಿಸಿದ್ದಾರೆ. ಭಟ್ಟಿಯಲ್ಲಿ ಬೆಳೆದ ಮಗು, ಬೇಗ ಕಲಿಯುತ್ತಿದೆಯಂತೆ, ಟೀಚರು ಮೇಡಂಗೆ ಹೇಳಿದ್ದು. ಹಳ್ಳಿಯ ಡಾಕ್ಟರೊಬ್ಬರು ಪ್ರೆಸ್ಸಿಗೆ ಬಂದಿದ್ದರು. ಔಷಧ ಕೊಟ್ಟ ಮೇಲೆ ಮಕ್ಕಳ ಹಿಂದೆ ನಿಂತು ಕರೆಯುತ್ತೇನೆ, ಒಂದು ಮಗು ತಡವಾಗಿ ತಿರುಗಿತು, ಆ ದಿನವೇ ನಿಲ್ಲಿಸಿದೆ ಎಂದರು.

‘ತಲೆಯ ಮೇಲೆ ಕೈಯಿಟ್ಟು ಕರೆದೆ. ತಿರುಗಲಿಲ್ಲ.’ ಆ ಹಾಳೆ ಮೆಷಿನ್ನಿನಿಂದ ಇಳಿಯುವಾಗಲೇ ಒಣಗಿತ್ತು. ಆದರೂ ಅಭ್ಯಾಸ ಬಲದಿಂದ ಕಿಟಕಿಯ ಪಕ್ಕದ ತಂತಿಗೆ ಹಾಕಿ, ಅದರ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದೆ.

ಆ ತಾಯಿ ಕೇಳಿಕೊಂಡದ್ದನ್ನು ನಾನೂ ನಡೆಸಿದ್ದೇನೆ. ಮಗುವಿನ ಹೆಸರು ಶಬ್ಬು ಅಲ್ಲ, ತಾಯಿಯ ಹೆಸರೂ ಬೇರೆ. ಇದನ್ನು ಓದುವಾಗ ನಿಮ್ಮ ಬೆರಳಿಗೆ ಮಸಿ ಹತ್ತಿದ್ದರೆ ಆ ಎರಡು ಹೆಸರಿನಿಂದ ಹತ್ತಿದ್ದು, ಒರೆಸಿಕೊಳ್ಳಿ. ಉಳಿದದ್ದೆಲ್ಲ ಒಣಗಿದೆ.